ಚಿತ್ರಾನುಮತಿ ಮೀಮಾಂಸೆ

ಒಬ್ಬರ ಪ್ರಬಂಧದಲ್ಲಿ ಅಚ್ಚಾದ ಚಿತ್ರವನ್ನು ಇನ್ನೊಬ್ಬರು ತಮ್ಮ ಪ್ರಬಂಧಕ್ಕೆ ತಂದುಕೊಂಡಾಗ ಅದರ ಅಡಿಯಲ್ಲಿ ಸಣ್ಣಕ್ಷರದಲ್ಲಿ ಕೂರುವ ಸಾಲೇ ಅನುಮತಿವಾಕ್ಯ. ಇದನ್ನು ಓದುವ ಅಧಿಕಾರಿ ಪ್ರಕಾಶಕರ ವಕೀಲನೊಬ್ಬನೇ ಎಂಬುದು ಶಾಸ್ತ್ರದ ಪ್ರಥಮ ಸೂತ್ರ.

‘ಉಲ್ಲೇಖ ಕೊಟ್ಟಾಯಿತಲ್ಲ, ಅನುಮತಿ ಬೇರೆ ಏಕೆ?’ ಎಂಬ ಪೂರ್ವಪಕ್ಷ ನಿಲ್ಲದು. ಉಲ್ಲೇಖದಿಂದ ತೀರುವುದು ವಿದ್ಯೆಯ ಋಣ. ಅನುಮತಿವಾಕ್ಯದಿಂದ ತೀರುವುದು ಆಸ್ತಿಯ ಋಣ. ಬರಿಯ ಅಂಕಿಗಳಿಗೆ ಹಕ್ಕುಸ್ವಾಮ್ಯವಿಲ್ಲ, ಅವುಗಳಿಂದ ಬರೆದ ನಕ್ಷೆಗೆ ಇದೆ. ಹಾಗಾಗಿ ಅದೇ ಅಂಕಿಗಳಿಂದ ನಕ್ಷೆಯನ್ನು ಹೊಸದಾಗಿ ಬರೆದವರು ಉಲ್ಲೇಖ ಕೊಟ್ಟರೆ ಸಾಕು. ನೀಲಿ ಗೆರೆಯನ್ನು ಕೆಂಪು ಮಾಡಿ ‘ಮಾರ್ಪಡಿಸಿದೆ’ ಎನ್ನುವವರಿಗೆ ಈ ವಿನಾಯಿತಿ ಇಲ್ಲ. ಆದರೂ ಅವರ ಸಂಖ್ಯೆಯೇ ಹೆಚ್ಚು.

ಅನುಮತಿ ಕೊಡುವವರು ಸಾಮಾನ್ಯವಾಗಿ ಚಿತ್ರ ಬರೆದವರಲ್ಲ. ಅವರು ಪ್ರಕಟಣೆಯ ಹೊತ್ತಿಗೇ ಹಕ್ಕನ್ನು ಪ್ರಕಾಶಕರಿಗೆ ಬರೆದುಕೊಟ್ಟು, ಮುಂದೆ ತಮ್ಮದೇ ಚಿತ್ರಕ್ಕೆ ತಾವೇ ಅರ್ಜಿ ಗುಜರಾಯಿಸುವ ಯೋಗ ಪಡೆದಿರುತ್ತಾರೆ. ಅರ್ಜಿಗಳ ದೊಡ್ಡ ಪಾಲು ಹೋಗುವುದು 1978ರಲ್ಲಿ ಅಮೆರಿಕದಲ್ಲಿ ಕೆಲಸ ಶುರುಮಾಡಿದ ಕಾಪಿರೈಟ್ ಕ್ಲಿಯರೆನ್ಸ್ ಸೆಂಟರಿನ ರೈಟ್ಸ್‌ಲಿಂಕ್‌ಗೆ. ಎಷ್ಟು ಚಿತ್ರ, ಅಚ್ಚಿಗೋ ಇ-ಪ್ರತಿಗೋ, ಅನುವಾದ ಉಂಟೋ ಎಂದೆಲ್ಲ ವಿಚಾರಿಸಿಕೊಂಡು, ಪಿಎಚ್.ಡಿ. ಪ್ರಬಂಧಕ್ಕಾದರೆ ಅದು ಎಷ್ಟೋ ಸಲ 0.00 ಡಾಲರಿನ ರಸೀದಿಯನ್ನು ಲೈಸೆನ್ಸ್ ಸಂಖ್ಯೆ ಸಮೇತ ಹರಿದುಕೊಡುತ್ತದೆ. ಸೊನ್ನೆಯನ್ನು ಎರಡು ದಶಾಂಶ ಸ್ಥಾನದವರೆಗೆ ಲೆಕ್ಕ ಹಾಕುವ ಈ ನಿಷ್ಠೆ ವಿಜ್ಞಾನಕ್ಕೆ ತಕ್ಕದ್ದೇ.

ವಾಕ್ಯರಚನೆಯಲ್ಲಿ ಲೇಖಕನಿಗೆ ಸ್ವಾತಂತ್ರ್ಯವಿಲ್ಲ. ಅಮೆರಿಕನ್ ಕೆಮಿಕಲ್ ಸೊಸೈಟಿಯಂತೂ ವಾಕ್ಯವನ್ನು ತಾನೇ ಬರೆದುಕೊಟ್ಟು, ತುಂಬಬೇಕಾದ ಜಾಗಗಳಲ್ಲಿ ‘ಪೂರ್ಣ ಉಲ್ಲೇಖ’, ‘ಇಸವಿ’ ಎಂಬರ್ಥದ ಪದಗಳನ್ನು ದೊಡ್ಡಕ್ಷರದ ಇಂಗ್ಲಿಷಿನಲ್ಲಿ ಇಟ್ಟಿರುತ್ತದೆ. ಆ ಪದಗಳ ಸಮೇತ ನಕಲಿಳಿಸಿ ‘ಪೂರ್ಣ ಉಲ್ಲೇಖ’ ಎಂಬ ಮಹನೀಯರಿಗೆ ಕೃತಜ್ಞನಾಗುವ ಸಂಶೋಧಕನನ್ನು ಶಾಸ್ತ್ರವು ‘ಪರಮ ವಿಧೇಯ’ ಎಂದು ವರ್ಗೀಕರಿಸುತ್ತದೆ.

ಅಪವಾದಗಳು ಎರಡು. ಕ್ರಿಯೇಟಿವ್ ಕಾಮನ್ಸ್‌ನ ಸಿಸಿ ಬೈ ಪರವಾನಗಿಯ ಚಿತ್ರಕ್ಕೆ ಅನುಮತಿ ಬೇಡ. ಕರ್ತೃವಿನ ಹೆಸರು, ಪರವಾನಗಿ, ಮಾಡಿದ ಬದಲಾವಣೆ ತಿಳಿಸಬೇಕು. ಭಾರತದ 1957ರ ಕಾಯ್ದೆಯಂತೆ ಕರ್ತೃ ತೀರಿಕೊಂಡು 60 ವರ್ಷ ಕಳೆದರೂ ಬೇಡ. 1859ರ ಪುಸ್ತಕದಲ್ಲಿ ಡಾರ್ವಿನ್ ಹಾಕಿದ ಒಂದೇ ಒಂದು ಚಿತ್ರ, ಆ ಕವಲೊಡೆವ ಮರ, ಈಗ ಯಾರಪ್ಪನ ಆಸ್ತಿಯೂ ಅಲ್ಲ.

ಕನ್ನಡದಲ್ಲಿ ‘ಚಿತ್ರಕೃಪೆ: ಅಂತರ್ಜಾಲ’ ಎಂಬ ಸ್ವತಂತ್ರ ಪಂಥವೊಂದಿದೆ. ಅರ್ಜಿಯಿಲ್ಲ, ರಸೀದಿಯಿಲ್ಲ, ಕರ್ತೃವೂ ಇಲ್ಲ. ಪತ್ರಿಕೆಗಳಲ್ಲಿ ಇದಕ್ಕೆ ಅನುಯಾಯಿಗಳು ಅಪಾರ. ಕಾಯ್ದೆಯಲ್ಲಿ ಆಧಾರ ಮಾತ್ರ ಇಲ್ಲ.