ಭೂತಬಂಗಲೆಯಲ್ಲಿ ಗಂಡಹೆಂಡಿರ ಜಗಳ

ಹಳೆಯ ದೆವ್ವದ ಸಿನಿಮಾ ಅಂದರೆ ಈಗಿನವರು ನಗುತ್ತಾರೆ. ನಗಲಿ ಬಿಡಿ. 1959ರ ‘ಹೌಸ್ ಆನ್ ಹಾಂಟೆಡ್ ಹಿಲ್’ ನೋಡಿ ಯಾರೂ ನಗದಿದ್ದರೆ ಅದನ್ನು ತೆಗೆದ ವಿಲಿಯಂ ಕ್ಯಾಸಲ್‌ನ ಆತ್ಮಕ್ಕೇ ಬೇಜಾರಾದೀತು. ನನ್ನ ತಕರಾರು ಬೇರೆ. ಇಷ್ಟು ವರ್ಷ ಇದನ್ನು ದೆವ್ವದ ಚಿತ್ರಗಳ ಸಾಲಿನಲ್ಲಿ ಕೂರಿಸಿ ಅನ್ಯಾಯ ಮಾಡಿದ್ದೇವೆ. ಇದು ಅಪ್ಪಟ ಸಾಂಸಾರಿಕ ಚಿತ್ರ, ಸ್ವಾಮಿ!

ಫ್ರೆಡರಿಕ್ ಲೋರೆನ್ ಭಾರೀ ಸಾಹುಕಾರ. ವಿನ್ಸೆಂಟ್ ಪ್ರೈಸ್ ಆ ಪಾತ್ರ ಮಾಡಿದ್ದಾನೆ. ಕೊಲ್ಲುತ್ತೇನೆ ಅನ್ನುವುದನ್ನೂ ಕಾಫಿ ತಗೊಳ್ಳಿ ಅಂದಷ್ಟೇ ನಯವಾಗಿ ಹೇಳಬಲ್ಲ ಪುಣ್ಯಾತ್ಮ. ನಾಲ್ಕನೆಯ ಹೆಂಡತಿ ಆನಬೆಲ್‌ಳ ಹೆಸರಿನಲ್ಲಿ ಒಂದು ಪಾರ್ಟಿ. ಕೊಲೆಗಳಾದ ಬಾಡಿಗೆ ಬಂಗಲೆಯಲ್ಲಿ ರಾತ್ರಿ ಕಳೆದು ಬೆಳಿಗ್ಗೆ ಉಸಿರಾಡುತ್ತಾ ಹೊರಬಿದ್ದರೆ ಐದು ಜನ ಅತಿಥಿಗಳಿಗೂ ತಲಾ 10,000 ಡಾಲರ್. ಅವರನ್ನು ಕರೆತರಲು ಕಳಿಸಿದ್ದು ಶವಯಾತ್ರೆಯ ಕಾರುಗಳನ್ನು. ಬಂದವರಿಗೆ ತಾಂಬೂಲದ ಬದಲು ಪುಟಾಣಿ ಶವಪೆಟ್ಟಿಗೆಯಲ್ಲಿಟ್ಟ ಒಂದೊಂದು ಪಿಸ್ತೂಲು. ಇಂಥ ಆತಿಥ್ಯ ಕಂಡಮೇಲೂ ಒಬ್ಬರೂ ‘ಮನೆಯಲ್ಲಿ ಮಗುವಿಗೆ ಹುಷಾರಿಲ್ಲ’ ಅಂತ ಜಾಗ ಖಾಲಿ ಮಾಡುವುದಿಲ್ಲ. ದುಡ್ಡು ನೋಡಿ!

ಬಂಗಲೆಯದೇ ಒಂದು ತಮಾಷೆ. ಹೊರಗಿನಿಂದ ತೋರಿಸುವುದು ಲಾಸ್ ಏಂಜಲೀಸ್‌ನ ಎನಿಸ್ ಹೌಸ್. ಫ್ರಾಂಕ್ ಲಾಯ್ಡ್ ರೈಟ್ ಎಂಬ ಮಹಾನ್ ವಾಸ್ತುಶಿಲ್ಪಿ 1924ರ ಸುಮಾರಿಗೆ ಕಾಂಕ್ರೀಟ್ ಬ್ಲಾಕಿನಲ್ಲಿ ಕಟ್ಟಿದ, ಮಾಯನ್ ಗುಡಿಯಂತೆ ಕಾಣುವ ಮನೆ. ಬಾಗಿಲು ದಾಟಿದಿರೋ, ಒಳಗೆ ತೂಗುದೀಪ, ಪರದೆ, ಜೇಡರ ಬಲೆ ಸಮೇತ ವಿಕ್ಟೋರಿಯಾ ರಾಣಿಯ ಕಾಲ. ಹೊರಗೂ ಒಳಗೂ ಸಂಬಂಧವೇ ಇಲ್ಲ. ಲೋರೆನ್ ದಂಪತಿಯ ಮದುವೆಯೂ ಹಾಗೇ ಅಲ್ಲವೇ?

ನೆಲಮಾಳಿಗೆಯಲ್ಲಿ ಒಂದು ಆಸಿಡ್ ತೊಟ್ಟಿ. ಹಿಂದೆ ಅಲ್ಲಿದ್ದವನೊಬ್ಬ ವೈನ್ ಮಾಡುತ್ತಿದ್ದನಂತೆ. ಚೆನ್ನಾಗಿಲ್ಲ ಅಂದಳು ಹೆಂಡತಿ. ಅಷ್ಟಕ್ಕೇ ತೊಟ್ಟಿಗೆ ಆಸಿಡ್ ತುಂಬಿಸಿ ಅವಳನ್ನು ಎಸೆದನಂತೆ. ಸಾರಿಗೆ ಉಪ್ಪು ಕಮ್ಮಿ ಅಂದದ್ದಕ್ಕೆ ವಾರಗಟ್ಟಲೆ ಮಾತು ಬಿಡುವವರು ಇದನ್ನು ಕೇಳಿ ಸಮಾಧಾನ ಪಟ್ಟುಕೊಳ್ಳಬಹುದು. ಇಷ್ಟಾದರೂ ಆ ಆಸಿಡ್ಡನ್ನು ಖಾಲಿ ಮಾಡಿಸುವ ಯೋಚನೆ ಮುಂದಿನ ಯಾವ ಮಾಲೀಕನಿಗೂ ಬಂದಿಲ್ಲ.

ಇನ್ನು ನಮ್ಮ ದಂಪತಿ. ಗಾದೆಯ ಪ್ರಕಾರ ಗಂಡಹೆಂಡಿರ ಜಗಳ ಉಂಡು ಮಲಗುವ ತನಕ. ಇವರದು ಮಲಗುವ ಹೊತ್ತಿಗೆ ಕಾವೇರುವ ಜಗಳ. ನೀನು ನನಗೆ ವಿಷ ಹಾಕಿದ್ದು ನೆನಪಿದೆಯಾ ಅಂತ ಅವನು ಕೆಣಕುತ್ತಾನೆ, ನೀನು ತಿಂದದ್ದೇ ಹಿಡಿಸಲಿಲ್ಲವೇನೋ ಅಂತ ಅವಳು ತಿರುಗಿಸುತ್ತಾಳೆ. ಇಬ್ಬರ ಮುಖದಲ್ಲೂ ನಗು. ಆನಬೆಲ್ ಪಾತ್ರದ ಕ್ಯಾರಲ್ ಓಮಾರ್ಟ್ ಮತ್ತು ಪ್ರೈಸ್ ಎದುರುಬದುರಾದ ಈ ದೃಶ್ಯಗಳಿಗಾಗಿಯೇ ನಾನು ಈ ಚಿತ್ರವನ್ನು ಮತ್ತೆ ಮತ್ತೆ ಹಾಕುವುದು. ತೂಗುವ ಹೆಣ, ತೆವಳುವ ಹಗ್ಗ, ಪೆಟ್ಟಿಗೆಯಲ್ಲಿ ಕಂಡ ರುಂಡ, ಎಲ್ಲ ಅಲಂಕಾರ. ಆನಬೆಲ್ ಅತಿಥಿಗಳಲ್ಲೊಬ್ಬನಾದ ಡಾಕ್ಟರನ ಜೊತೆ ಸೇರಿ, ಇನ್ನೊಬ್ಬ ಅತಿಥಿ, ಬಡಪಾಯಿ ಹುಡುಗಿ ನೋರಾಳನ್ನು ಹೆದರಿಸಿ ಅವಳ ಕೈಯಲ್ಲೇ ಗಂಡನಿಗೆ ಗುಂಡು ಹೊಡೆಸುವ ಹಂಚಿಕೆ ಹಾಕುತ್ತಾಳೆ. ಅವನೋ, ಪಿಸ್ತೂಲಿಗೆ ಖಾಲಿ ತೋಟಾ ತುಂಬಿಸಿ, ಸೂತ್ರದ ಗೊಂಬೆಯಂತೆ ಅಸ್ಥಿಪಂಜರವನ್ನು ಕುಣಿಸಿ ಹೆಂಡತಿಯನ್ನು ತೊಟ್ಟಿಗೇ ನಡೆಸುತ್ತಾನೆ. (ಗುಟ್ಟು ಬಿಟ್ಟುಕೊಟ್ಟೆ ಅಂತ ಮುನಿಯಬೇಡಿ. ಹಳೇ ಸಿನಿಮಾ, ನೀವೇ ತಡ ಮಾಡಿದ್ದು.)

ನಿಜಕ್ಕೂ ಬೆಚ್ಚಿಬೀಳಿಸುವ ಗಳಿಗೆ ಒಂದಿದೆ, ಒಪ್ಪುತ್ತೇನೆ. ನೆಲಮಾಳಿಗೆಯಲ್ಲಿ ಬಗ್ಗಿ ಗೋಡೆ ತಡವುತ್ತಿದ್ದ ನೋರಾ ತಿರುಗಿದರೆ, ಪಕ್ಕದಲ್ಲೇ ಕೈ ಚಾಚಿ ನಿಂತ ಮುದುಕಿ! ಕಾಲೇ ಆಡಿಸದೆ ಅವಳು ಜಾರಿಹೋಗುತ್ತಾಳೆ. ಆಮೇಲೆ ಗೊತ್ತಾಗುತ್ತದೆ, ಅವಳು ಮನೆ ಕಾಯುವವನ ಹೆಂಡತಿ, ಕಣ್ಣು ಕಾಣದವಳು. ಸರಿ ತಾಯಿ, ಆದರೆ ಕಾಲಿಗೆ ಚಕ್ರ ಕಟ್ಟಿದವರು ಯಾರು? ಅದಕ್ಕೆ ಉತ್ತರವಿಲ್ಲ. ನಾನು ಮಾತ್ರ ಪ್ರತಿಸಲವೂ ಕುರ್ಚಿಯಿಂದ ಒಂದು ಗೇಣು ಮೇಲೆ.

ಕ್ಯಾಸಲ್ ನಂಬಿದ್ದು ಕತೆಗಿಂತ ಕಸರತ್ತನ್ನು. 1958ರ ‘ಮ್ಯಾಕಾಬರ್’ ನೋಡಿ ಭಯದಿಂದ ಸತ್ತರೆ 1,000 ಡಾಲರ್ ವಿಮೆ ಅಂತ ಘೋಷಿಸಿದ್ದ ಆಸಾಮಿ. ಈ ಚಿತ್ರಕ್ಕೆ ತಂದದ್ದು ‘ಎಮರ್ಗೋ’. ತೆರೆಯ ಮೇಲೆ ಅಸ್ಥಿಪಂಜರ ಎದ್ದು ಬರುವ ಹೊತ್ತಿಗೆ ಸರಿಯಾಗಿ ಥಿಯೇಟರಿನಲ್ಲೂ ಒಂದು ಅಸ್ಥಿಪಂಜರ ತಂತಿ ಹಿಡಿದು ಪ್ರೇಕ್ಷಕರ ತಲೆಯ ಮೇಲೆ ಸಾಗಿ ಬರುತ್ತಿತ್ತು. ಹೆದರಬೇಕಾದ ಹುಡುಗರು ಪಾಪ್‌ಕಾರ್ನ್ ಡಬ್ಬಿ ಎಸೆದು ಗುರಿ ಅಭ್ಯಾಸ ಮಾಡಿದರು. ಮನೆಯ ಟಿವಿಯಲ್ಲಿ ನೋಡಿ ‘ಭಯವೇ ಆಗಲಿಲ್ಲ’ ಅಂತ ಮೂಗು ಮುರಿಯುವವರು, ಅರ್ಧ ಸಿನಿಮಾ ತೆರೆಯ ಮೇಲಲ್ಲ, ಆ ತಂತಿಯ ಮೇಲಿತ್ತು ಅನ್ನುವುದನ್ನು ಮರೆಯಬಾರದು.

1999ರಲ್ಲಿ ಮತ್ತೆ ತೆಗೆದರು. ಬಹುಮಾನ 10,000ದಿಂದ ಹತ್ತು ಲಕ್ಷ ಡಾಲರಿಗೆ ಏರಿತು. ನಲವತ್ತು ವರ್ಷದ ಬೆಲೆಯೇರಿಕೆ, ಏನು ಮಾಡುವುದು. ಈ ಸಲ ನಿಜವಾದ ದೆವ್ವಗಳನ್ನೇ ತಂದಿಟ್ಟರು. ತಪ್ಪಿದ್ದು ಅಲ್ಲೇ. ದೆವ್ವಗಳೇ ಮನೆ ತುಂಬಿಕೊಂಡಮೇಲೆ ಗಂಡಹೆಂಡಿರ ಜಗಳಕ್ಕೆ ಕಿವಿಗೊಡುವವರು ಯಾರು?