ಬೀಗರ ಬೋನು

ಪುಟ್ಟ ಕಂಪ್ಯೂಟರ್ ಬೋರ್ಡು ಮನೆಗೆ ಬಂದ ದಿನ ಅಮ್ಮ ‘ಏನೋ ಅದು?’ ಎಂದಳು. ‘ಬೀಗಲ್‌ಬೋನ್, ಅಮ್ಮ.’ ಅಮ್ಮನ ಕಿವಿ ಮೊದಲಿನಂತಿಲ್ಲ. ‘ಬೀಗರ ಬೋನಾ?’ ಎಂದು ಮುಖ ಅರಳಿಸಿ, ‘ಇಷ್ಟು ಚಿಕ್ಕದರಲ್ಲಿ ನಿಮ್ಮತ್ತೆ ಹಿಡಿಸ್ತಾರೇನೋ?’ ಎಂದಳು. ಅಡುಗೆಮನೆಯಲ್ಲಿ ಸೌಟಿನ ಸದ್ದು ನಿಂತಿತು. ಆ ವಾರವೆಲ್ಲ ನನಗೆ ಕಾಫಿ ಆರಿಯೇ ಬಂತು.

ಕಿವಿಯ ಯಂತ್ರ ಹಾಕಿಕೊಂಡರೆ ಸೋಮೇಶ್ವರನ ಗುಡಿಯ ನಾಗಸ್ವರದ ಜೊತೆಗೇ ಮಿಕ್ಸಿ, ಮೆಟ್ರೊ, ಆಟೊ ಎಲ್ಲ ನುಗ್ಗುತ್ತವೆಂದು ಅಮ್ಮ ಅದನ್ನು ಡಬ್ಬಿಯಲ್ಲೇ ಇಟ್ಟುಬಿಟ್ಟಿದ್ದಳು. ಗದ್ದಲ ಸೋಸುವ ಫಿಲ್ಟರನ್ನು ನಾನೇ ಬರೆಯುತ್ತೇನೆಂದು ಹೊರಟೆ. ಬ್ಯಾಂಕಿನಲ್ಲಿ ಲೆಡ್ಜರ್ ತಿದ್ದಿ ನಿವೃತ್ತನಾದವನಿಗೆ ಈ ಧೈರ್ಯ ಎಲ್ಲಿಂದ ಬಂತೆನ್ನುತ್ತೀರಾ? ಹಲಸೂರಿನವನೆಂಬ ಜಂಬ. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ 1985ರಲ್ಲಿ ಬಂದಿಳಿದದ್ದು ನಮ್ಮ ದಂಡು ಪ್ರದೇಶದ ಮಿಲ್ಲರ್ಸ್ ರಸ್ತೆಗೆ, ಅದರ ಉಪಗ್ರಹ ಆಂಟೆನಾ ಬಂದದ್ದು ಎತ್ತಿನ ಗಾಡಿಯಲ್ಲಿ. ನನ್ನ ಬೋರ್ಡಿನ ಚಿಪ್ಪೂ ಅವರದೇ. ಲಿನಕ್ಸ್ ಓಡಿಸಲು ಎರಡು ಆರ್ಮ್ ಕೋರು, ಪಕ್ಕದಲ್ಲಿ ಗುಣಿಸಿ ಕೂಡುವುದನ್ನೇ ವ್ರತ ಮಾಡಿಕೊಂಡ ಎರಡು ಸಿ66ಎಕ್ಸ್ ಡಿಎಸ್‌ಪಿ, ಅಂದರೆ ಸಿಗ್ನಲ್ ಪ್ರೊಸೆಸರ್. ಒಂದೊಂದರಲ್ಲೂ ಎಂಟು ಘಟಕಗಳು, ದರ್ಶಿನಿಯ ಎಂಟು ಹುಡುಗರ ಹಾಗೆ. ನನ್ನ ಪ್ರೋಗ್ರಾಮಿನಲ್ಲಿ ಒಬ್ಬ ಇಡ್ಲಿ ಕೊಡುತ್ತಿದ್ದರೆ ಏಳು ಜನ ಟೇಬಲ್ ಒರೆಸುತ್ತಿದ್ದರು.

ಅದೂ ಆಮೇಲಿನ ಮಾತು. ಮೊದಲು ಡಿಎಸ್‌ಪಿ ಏಳಬೇಕಲ್ಲ! ‘ಸ್ಟೇಟ್’ ಎಂಬ ಕಡತಕ್ಕೆ ‘ಸ್ಟಾರ್ಟ್’ ಎಂದು ಬರೆದರೆ ಏಳುತ್ತದಂತೆ. ಬರೆದೆ. ಉತ್ತರ: ಮೈನಸ್ ಎರಡು. ಮತ್ತೆ ಬರೆದೆ. ಮೈನಸ್ ಎರಡು. ಕೇಬಲ್ ಬದಲಿಸಿದೆ, ಚಾರ್ಜರ್ ಬದಲಿಸಿದೆ, ಬೋರ್ಡನ್ನು ಪೂರ್ವಕ್ಕೆ ತಿರುಗಿಸಿಟ್ಟೆ. ಯಾರೂ ನೋಡುತ್ತಿಲ್ಲವೆಂದು ಖಾತ್ರಿಯಾದ ಮೇಲೆ ಕುಂಕುಮವನ್ನೂ ಇಟ್ಟೆ. ಮೈನಸ್ ಎರಡು. ಮೂರನೆಯ ರಾತ್ರಿ ಎರಡು ಗಂಟೆಗೆ ‘ಏಳಪ್ಪಾ’ ಎಂದು ಬಾಯಿಬಿಟ್ಟೇ ಬೇಡಿಕೊಂಡೆ. ಎದ್ದದ್ದು ಹೆಂಡತಿ. ‘ಏನ್ರೀ, ಬೋನಿಗೆ ಬಿತ್ತಾ?’ ಎಂದು ಕೇಳಿ ಮಗ್ಗುಲಾದಳು.

ಭಾನುವಾರ ಬಂದ ಅಕ್ಕನ ಮಗ ನಿಂತೇ ನೋಡಿದ. ‘ಮಾವ, ಮೈನಸ್ ಎರಡು ಅಂದ್ರೆ ಫೈಲ್ ಸಿಗಲಿಲ್ಲ ಅಂತ.’ ನಾನು ಪ್ರೀತಿಯಿಂದ ‘ಅಮ್ಮನ ಕಿವಿ’ ಎಂದು ಹೆಸರಿಟ್ಟ ಪ್ರೋಗ್ರಾಮಿನ ಕಡತವನ್ನು ನನ್ನದೇ ಫೋಲ್ಡರಿನಲ್ಲಿಟ್ಟು ಕಾಯುತ್ತಿದ್ದೆ. ಲಿನಕ್ಸ್ ಕರ್ನಲ್ಲು ‘ಡ್ರಾ7-ಡಿಎಸ್‌ಪಿ1’ ಎಂದು ಶುರುವಾಗುವ ಹೆಸರನ್ನು ಫರ್ಮ್‌ವೇರ್ ಫೋಲ್ಡರಿನಲ್ಲಿ ಹುಡುಕುತ್ತಿತ್ತು. ಪಡಿತರ ಅಂಗಡಿಯಲ್ಲಿ ಮನೆಯ ಮುದ್ದಿನ ಹೆಸರು ಹೇಳಿ ಅಕ್ಕಿ ಕೇಳಿದ ಹಾಗಾಯಿತು. ಹುಡುಗ ಹೆಸರು ತಿದ್ದಿ, ಕಡತವನ್ನು ಆ ಫೋಲ್ಡರಿಗೆ ಹಾಕಿದ. ಡಿಎಸ್‌ಪಿ ಎದ್ದು, ಲಾಗ್‌ನಲ್ಲಿ ನಾನು ಕಲಿಸಿದ್ದ ಒಂದೇ ಮಾತು ಆಡಿತು.

‘ಹಲೋ ಅಂತು! ಅಮ್ಮಾ, ಹಲೋ ಅಂತು!’ ಎಂದು ಕಿರುಚಿದೆ.

‘ಅಲ್ಲ ಮಾವ,’ ಎಂದ ಆ ಹುಡುಗ. ‘ನಿಮ್ಮ ಫಿಲ್ಟರಿಗೆ 64 ಗುಣಾಕಾರ, ಸೆಕೆಂಡಿಗೆ 48,000 ಸಲ. ಮೂವತ್ತು ಲಕ್ಷ ಚಿಲ್ಲರೆ ಆಯ್ತು. ಆರ್ಮ್ ನಿದ್ದೆಗಣ್ಣಲ್ಲೇ ಮಾಡುತ್ತೆ, ಡಿಎಸ್‌ಪಿ ಯಾಕೆ?’ ಇಂಥ ಹುಡುಗರಿಗೆ ಹೋಳಿಗೆಯ ಮೇಲೆ ತುಪ್ಪ ಹಾಕಬಾರದು. ಅವನು ಅಷ್ಟಕ್ಕೇ ಬಿಡಲಿಲ್ಲ. ‘ಅಜ್ಜಿಯ ಮಿಷನ್ ಒಳಗೇ ಒಂದು ಡಿಎಸ್‌ಪಿ ಇದೆ. ಸೆಟ್ಟಿಂಗ್ ಸರಿಮಾಡಿಸಬೇಕು ಅಷ್ಟೆ. ಯಾರಾದ್ರೂ ವಾಪಸ್ ಕರ್ಕೊಂಡು ಹೋಗಿದ್ರಾ?’

ಒಂದು ವರ್ಷವಾಗಿತ್ತು. ಯಾರೂ ಹೋಗಿರಲಿಲ್ಲ.

ತಿರುಗಿ ನೋಡಿದರೆ ಅಮ್ಮ ಗೋಡೆಯ ಪಕ್ಕ ನಿಂತು ಫೋನನ್ನು ಕಿವಿಗೆ ಒತ್ತಿ ಹಿಡಿದಿದ್ದಳು. ‘ಹಲೋ ಅಂದ್ರು ಅಂದ್ಯಲ್ಲೋ,’ ಎಂದಳು. ‘ಯಾರೂ ಮಾತೇ ಆಡ್ತಿಲ್ಲ.’