ಟೆಸ್ಟಪ್ಪನ ಮೈಸೂರು ಸವಾರಿ

ನಮ್ಮ ಹನೂರು, ಕೊಳ್ಳೇಗಾಲ, ಯಳಂದೂರು ಸೀಮೆಯಲ್ಲಿ ಡಿಗ್ರಿ ಮುಗಿಸಿದ ಹುಡುಗರು ಮೂರು ಬಗೆ. ಕೆಲಸ ಸಿಕ್ಕಿ ಬೆಂಗಳೂರಿಗೆ ಹೋದವರು, ಕೆಲಸ ಸಿಗದೆ ಬೆಂಗಳೂರಿಗೆ ಹೋದವರು ಮತ್ತು ಟೆಸ್ಟಪ್ಪ.

ಟೆಸ್ಟಪ್ಪ ಎಂಬುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ. ಅವರು ಇಟ್ಟಿದ್ದು ಮಾದೇಶ, ಮಾದೇವ, ಮಾದಪ್ಪ ಇವುಗಳಲ್ಲಿ ಯಾವುದೋ ಒಂದು. ಮಲೆ ಮಹದೇಶ್ವರನ ನಾಡಿನಲ್ಲಿ ಸಂತೆಯ ನಡುವೆ ನಿಂತು ‘ಮಾದೇಶಾ’ ಎಂದು ಕೂಗಿದರೆ ಅರ್ಧ ಸಂತೆ ತಿರುಗಿ ನೋಡುತ್ತದೆ. ಟೆಸ್ಟಪ್ಪ ಎಂಬ ಬಿರುದು ಮಾತ್ರ ಅವನ ಸ್ವಂತ ಸಂಪಾದನೆ. ಪೊಲೀಸ್ ಕಾನ್‌ಸ್ಟೆಬಲ್, ಎಫ್‌ಡಿಎ, ಎಸ್‌ಡಿಎ, ಗ್ರಾಮ ಆಡಳಿತಾಧಿಕಾರಿ, ಫಾರೆಸ್ಟ್ ಗಾರ್ಡ್, ಕಂಡಕ್ಟರ್ ಹೀಗೆ ಸರ್ಕಾರ ಯಾವುದಕ್ಕೆ ಅರ್ಜಿ ಕರೆದರೂ ಅದರಲ್ಲಿ ಅವನದೊಂದು ಇದ್ದೇ ಇರುತ್ತದೆ. ಹಾಲ್ ಟಿಕೆಟ್‌ಗಳನ್ನೆಲ್ಲ ಒಂದು ಫೈಲಿನಲ್ಲಿ ಜೋಪಾನವಾಗಿ ಇಟ್ಟಿದ್ದಾನೆ. ಮೀಸೆ ಮೂಡಿದ್ದು, ಅದು ದಪ್ಪವಾಗಿದ್ದು, ಮುಂದಲೆಯ ಕೂದಲು ಹಿಂದಕ್ಕೆ ಸರಿದದ್ದು ಎಲ್ಲ ಅಲ್ಲಿ ವರ್ಷವಾರು ಸಿಗುತ್ತವೆ. ಮದುವೆ ಆಲ್ಬಮ್ ಇಲ್ಲದ ಕೊರತೆಯನ್ನು ಆ ಫೈಲೇ ತುಂಬಿಕೊಟ್ಟಿದೆ.

ಇಂಥವನಿಗೆ ಒಂದು ರಾತ್ರಿ ಮೊಬೈಲಿನಲ್ಲಿ ಜ್ಞಾನೋದಯವಾಯಿತು. ‘ಯಾವ ಕೆಲಸಕ್ಕೆ ನೀವು ಹುಟ್ಟಿದ್ದೀರಿ? ಎರಡೇ ಗಂಟೆಯಲ್ಲಿ ತಿಳಿಯಿರಿ’ ಎಂಬ ಜಾಹೀರಾತು. ಕೆರಿಯರ್ ಆಪ್ಟಿಟ್ಯೂಡ್ ಟೆಸ್ಟ್. ಸ್ಥಳ ಮೈಸೂರು, ಫೀಸು ಮುಂಗಡ. ಕೆಲಸಗಳು ತನ್ನನ್ನು ಯಾಕೆ ಒಲ್ಲೆ ಅನ್ನುತ್ತಿವೆ ಎಂದು ಅಷ್ಟು ವರ್ಷ ತಲೆ ಕೆಡಿಸಿಕೊಂಡಿದ್ದವನಿಗೆ, ತಾನು ತಕ್ಕುದಲ್ಲದ ಕೆಲಸಗಳ ಬೆನ್ನು ಹತ್ತಿದ್ದೇ ಕಾರಣ ಎಂದು ಹೊಳೆಯಿತು. ಇದರಲ್ಲಿ ಎಂಥ ಸಮಾಧಾನವಿದೆ ನೋಡಿ. ಫೇಲಾದದ್ದು ಅವನಲ್ಲ, ಕೆಲಸಗಳು.

ಪರೀಕ್ಷೆಗೆ ಊರು ಬಿಟ್ಟು ಹೋಗುವುದು ಟೆಸ್ಟಪ್ಪನಿಗೆ ಹೊಸದಲ್ಲ, ಒಬ್ಬನೇ ಹೋಗುವುದು ಹೊಸದು. ನಮ್ಮ ಕಡೆ ಪರೀಕ್ಷೆ ಬರೆಯುವವನ ಜೊತೆ ಒಬ್ಬ ಸ್ನೇಹಿತ ಹೋಗುವುದು ವಾಡಿಕೆ. ಗೇಟಿನ ಹೊರಗೆ ಹೊಂಗೆ ಮರದಡಿ ಕೂತು ಬ್ಯಾಗು, ಬೆಲ್ಟು, ಕೈಗಡಿಯಾರ, ಕತ್ತಿನ ದಾರ ಕಾಯುವುದು ಅವನ ಕೆಲಸ. ಆದರೆ ಈ ಸಲ ಟೆಸ್ಟಪ್ಪ ಲಡಾಖಿಗೆ ಒಂಟಿಯಾಗಿ ಬೈಕಿನಲ್ಲಿ ಹೋದವರ ರೀಲ್ಸ್ ನೋಡಿದ್ದ. ತನ್ನನ್ನು ತಾನು ಕಂಡುಕೊಳ್ಳಬೇಕಾದರೆ ಒಬ್ಬನೇ ಹೋಗಬೇಕಂತೆ. ಅದಕ್ಕೇ ಇದು ಸೋಲೋ ಟ್ರಿಪ್. ಹಿಮಾಲಯ ಇಲ್ಲದಿದ್ದರೇನು, ತಿ. ನರಸೀಪುರ ಇದೆಯಲ್ಲ!

ಗಾಡಿ ಅಪ್ಪನ ಸ್ಪ್ಲೆಂಡರ್. ಮುಂದೆ ‘ಮಾದಪ್ಪನ ಕೃಪೆ’, ಹಿಂದೆ ಹಿಪ್ಪುನೇರಳೆ ಸೊಪ್ಪಿನ ಹೊರೆ ಬಿಗಿಯುವ ಹಗ್ಗ. ಟೆಸ್ಟಪ್ಪ ಹಗ್ಗ ಬಿಚ್ಚಿ ಮೊಬೈಲ್ ಹೋಲ್ಡರ್ ಕೂರಿಸಿದ. ಸೊಪ್ಪಿನ ಹಸಿ ವಾಸನೆಯನ್ನು ಬಿಚ್ಚಲು ಆಗಲಿಲ್ಲ. ಅಪ್ಪ ದೂರ ನಿಂತು ನೋಡಿ ಒಂದೇ ಪ್ರಶ್ನೆ ಕೇಳಿದ:

“ಹುಳ ನಾಲ್ಕನೇ ಜ್ವರ ಎದ್ದವ. ಸಂಜ ಸೊಪ್ಪಿಗ ಗಾಡಿ ಬತ್ತದ?”

ರೇಷ್ಮೆ ಹುಳ ಸಾಕಿದವರಿಗೆ ಈ ಪ್ರಶ್ನೆಯ ತೂಕ ಗೊತ್ತು. ನಾಲ್ಕನೇ ಜ್ವರ ಎದ್ದ, ಅಂದರೆ ನಾಲ್ಕನೇ ಸಲ ಪೊರೆ ಕಳಚಿದ ಹುಳ ಹಗಲೂ ರಾತ್ರಿ ತಿನ್ನುತ್ತದೆ. ತನ್ನ ಜೀವಮಾನದ ಊಟದಲ್ಲಿ ಬಹುಪಾಲನ್ನು ಆ ಒಂದು ವಾರದಲ್ಲೇ ಮುಗಿಸುತ್ತದೆ. ಅದಕ್ಕೆ ತಾನು ಯಾವ ಕೆಲಸಕ್ಕೆ ಹುಟ್ಟಿದ್ದೇನೆ ಎಂಬ ಗೊಂದಲವಿಲ್ಲ. ಟೆಸ್ಟಪ್ಪ “ಬಂದ್ಬುಡ್ತೀನಿ ಕನಪ್ಪ” ಎಂದು ಹೆಲ್ಮೆಟ್ ಹಾಕಿ ಹೊರಟ.

ಹನೂರಿನಿಂದ ಕೊಳ್ಳೇಗಾಲ ಮುಕ್ಕಾಲು ಗಂಟೆಯ ದಾರಿ. ಲಡಾಖಿಗೆ ಹೋಗುವವರಾದರೆ ಅಷ್ಟಕ್ಕೆಲ್ಲ ಇಳಿಯುವುದಿಲ್ಲ, ಇವನು ಇಳಿದ. ಟೀ ಕುಡಿಯದೆ ಕೊಳ್ಳೇಗಾಲ ದಾಟಿದ ಹನೂರಿನವನನ್ನು ನಾನಂತೂ ನೋಡಿಲ್ಲ. ಟೀ ಅಂಗಡಿಯಲ್ಲಿ ವಿಚಾರಣೆ ಶುರುವಾಯಿತು.

“ಎತ್ತಗ್ಲಾ ಮಗ?”

“ಮೈಸೂರ್ಗ ಕನಣ್ಣ, ಟೆಸ್ಟು.”

“ಯಾವ್ದು, ಪೀಸೀನಾ?”

“ಅಲ್ಲ ಕನಣ್ಣ. ನಂಗ ಯಾವ ಕೆಲ್ಸ ಸರಿ ಅಂತ ಅವ್ರು ಹೇಳ್ತಾರ.”

“ಅದ ಕೇಳಾಕ ಮೈಸೂರ್ಗ ಯಾಕ್ಲಾ ಹೋಗ್ಬೇಕು? ಕೂತ್ಕ ಇಲ್ಲಿ, ನಾ ಹೇಳ್ತೀನಿ.”

ಹೇಳಿದರು ಕೂಡ. ಒಬ್ಬ ಬೇಕರಿ ಇಡು ಎಂದ, ಇನ್ನೊಬ್ಬ ಟಾಟಾ ಏಸ್ ತಗೋ ಎಂದ. ಬೆಂಚಿನ ತುದಿಯಲ್ಲಿದ್ದ ಹಿರಿಯರೊಬ್ಬರು ಈ ಸೀಮೆಯ ಬ್ರಹ್ಮಾಸ್ತ್ರವನ್ನೇ ತೆಗೆದರು: “ಅಣ್ಣಾವ್ರು ಯಾವ ಟೆಸ್ಟ್ ಬರ್ದಿದ್ರೋ?” ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರ ಮಗ ಮುತ್ತುರಾಜನ ಓದು ಪ್ರಾಥಮಿಕ ಶಾಲೆಯಲ್ಲೇ ನಿಂತಿತು. 1954ರಲ್ಲಿ ‘ಬೇಡರ ಕಣ್ಣಪ್ಪ’ ಬಂತು, ಮುತ್ತುರಾಜ ರಾಜಕುಮಾರರಾದರು. ಇಲ್ಲಿ ಯಾವ ನಿರುದ್ಯೋಗಿಯೂ ಈ ಉದಾಹರಣೆಯಿಂದ ಪಾರಾಗಿಲ್ಲ, ಯಾವ ನಿರುದ್ಯೋಗಿಗೂ ಇದರಿಂದ ಉಪಯೋಗವೂ ಆಗಿಲ್ಲ.

ಅದೇ ಹಿರಿಯರು ಹುಟ್ಟಿದಾಗ ಕೊಳ್ಳೇಗಾಲ ತಾಲ್ಲೂಕು ಮದರಾಸಿನ ಕೊಯಮತ್ತೂರು ಜಿಲ್ಲೆಯಲ್ಲಿತ್ತು. 1956ರ ನವೆಂಬರ್ 1ಕ್ಕೆ ಮೈಸೂರು ರಾಜ್ಯಕ್ಕೆ ಬಂತು, 1997ರಲ್ಲಿ ಚಾಮರಾಜನಗರ ಜಿಲ್ಲೆಯಾದಾಗ ಅತ್ತ ಹೋಯಿತು, ಆಮೇಲೆ ಹನೂರು ತಾನೇ ಒಂದು ತಾಲ್ಲೂಕಾಗಿ ಬೇರೆ ಮನೆ ಮಾಡಿತು. ಊರೇ ಇಷ್ಟು ಸಲ ಇಲಾಖೆ ಬದಲಿಸಿರುವಾಗ ಹುಡುಗ ಎಲ್ಲಿ ಸಲ್ಲುವವನೆಂದು ಹುಡುಕುವುದು ತಪ್ಪೇ?

ಟೀ ಆದ ಮೇಲೆ ಗೂಡಿನ ಮಾರುಕಟ್ಟೆ. ಅಲ್ಲಿ ಅವನ ಸೋದರಮಾವ ನೂಲು ಬಿಚ್ಚುವವರಿಗೆ ಗೂಡು ಆರಿಸಿಕೊಡುತ್ತಾನೆ. ಆ ಆರಿಸುವುದನ್ನು ಹತ್ತಿರ ನಿಂತು ನೋಡಬೇಕು. ರಾಶಿಯೊಳಗೆ ಮೊಣಕೈ ತನಕ ಕೈಹಾಕಿ ತಳದಿಂದ ಒಂದು ಹಿಡಿ ಎತ್ತುತ್ತಾನೆ, ಮೇಲಿನದನ್ನು ರೈತ ಜೋಡಿಸಿರುತ್ತಾನೆ ಎಂದು ಅವನಿಗೆ ಗೊತ್ತು. ಹೆಬ್ಬೆರಳಲ್ಲಿ ಒತ್ತಿ ಗಟ್ಟಿ ನೋಡುತ್ತಾನೆ. ಒಂದನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಾನೆ. ಒಳಗಿನ ಹುಳ ಲೊಟಲೊಟ ಅಂದರೆ ಸರಿ, ಸದ್ದಿಲ್ಲದೆ ಅಂಟಿಕೊಂಡಿದ್ದರೆ ಒಳಗೇ ಕರಗಿದೆ ಎಂದು ಪಕ್ಕಕ್ಕೆ. ಎಲ್ಲ ಸೇರಿ ಒಂದು ನಿಮಿಷವೂ ಹಿಡಿಯುವುದಿಲ್ಲ. ಅಳಿಯನ ಪ್ರಯಾಣದ ಕಾರಣ ಕೇಳಿದ ಮಾವ, ಕೈಯಲ್ಲಿದ್ದ ಗೂಡನ್ನು ರಾಶಿಗೆ ಬಿಟ್ಟು ಹೇಳಿದ:

“ಗೂಡು ಅಲ್ಲಾಡ್ಸುದ್ರ ಒಳಗಿನ ಹುಳ ಸದ್ದು ಮಾಡ್ತದ. ನಿನ್ನ ಅಲ್ಲಾಡ್ಸುದ್ರ ಹಾಲ್ ಟಿಕೆಟ್ ಸದ್ದು ಮಾಡ್ತವ ಕನ್ಲಾ.”

ಕೊಳ್ಳೇಗಾಲದಿಂದ ಮೈಸೂರಿಗೆ ತಿ. ನರಸೀಪುರದ ಮೇಲೆ ನೇರ ಹೆದ್ದಾರಿ ಇದೆ, ಅರವತ್ತು ಕಿಲೋಮೀಟರಿನ ಆಚೀಚೆ. ಟೆಸ್ಟಪ್ಪ ಅದನ್ನು ಹಿಡಿಯಲಿಲ್ಲ, ಯಳಂದೂರಿನ ಕಡೆ ತಿರುಗಿಸಿದ. ನೇರ ದಾರಿಯಲ್ಲಿ ಹೋದರೆ ಅದು ಟ್ರಿಪ್ ಆಗುವುದಿಲ್ಲ, ಪರೀಕ್ಷೆಗೆ ಹೋದಂತಾಗುತ್ತದೆ ಎಂಬುದು ಅವನ ವಾದ. ಯಳಂದೂರಿನಲ್ಲಿ ಸೋದರತ್ತೆಯ ಮನೆ ಇದೆ ಎಂಬುದು ನನ್ನ ವಾದ.

ಯಳಂದೂರು ಪುಟ್ಟ ತಾಲ್ಲೂಕು, ಆದರೆ ಟೆಸ್ಟಪ್ಪನಂಥವರು ಒಂದು ದಿನ ನಿಂತು ನೋಡಬೇಕಾದ ಊರು. ಇಲ್ಲಿ ಹುಟ್ಟಿದ ಹೊನ್ನಮ್ಮನ ಕೆಲಸ ಚಿಕ್ಕದೇವರಾಜ ಒಡೆಯರ ಅರಮನೆಯಲ್ಲಿ ಎಲೆ ಅಡಿಕೆಯ ಸಂಚಿ ಹಿಡಿಯುವುದು. ಆಕೆ ‘ಹದಿಬದೆಯ ಧರ್ಮ’ ಬರೆದಳು, ಸಂಚಿ ಹೊನ್ನಮ್ಮ ಎಂದೇ ಹೆಸರಾದಳು. ಇಂದಿನ ಯಾವ ಪ್ರಶ್ನಾವಳಿಯಲ್ಲಾದರೂ ಆಕೆಗೆ ‘ಆತಿಥ್ಯ ಕ್ಷೇತ್ರ’ ಎಂದೇ ಬರುತ್ತಿತ್ತು. ಇನ್ನು ದಿವಾನ್ ಪೂರ್ಣಯ್ಯ. ಯಳಂದೂರನ್ನು 1807ರಲ್ಲಿ ಜಹಗೀರಾಗಿ ಪಡೆದವರು. ಹೈದರಾಲಿಯ ಕೈಕೆಳಗೆ ಲೆಕ್ಕಪತ್ರ, ಟಿಪ್ಪುವಿನ ಕೈಕೆಳಗೆ ಲೆಕ್ಕಪತ್ರ, 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಬಾಲಕ ಮುಮ್ಮಡಿ ಕೃಷ್ಣರಾಜ ಒಡೆಯರ ಹೆಸರಿನಲ್ಲಿ ಇಡೀ ರಾಜ್ಯದ ಆಡಳಿತ. ಸರ್ಕಾರಗಳು ಉರುಳಿದವು, ಸರ್ವಿಸ್ ಮಾತ್ರ ಕಡಿಯಲಿಲ್ಲ. ಸರ್ಕಾರಿ ಕೆಲಸದ ಕನಸು ಕಾಣುವ ಟೆಸ್ಟಪ್ಪನಿಗೆ ಇದಕ್ಕಿಂತ ಒಳ್ಳೆಯ ಆದರ್ಶ ಪುರುಷ ಸಿಗಲಾರ.

ಅವನು ಇದ್ಯಾವುದರ ಗೋಜಿಗೂ ಹೋಗಲಿಲ್ಲ. ಗೌರೀಶ್ವರ ದೇವಸ್ಥಾನದ ಬಳೆ ಮಂಟಪದ ಕಲ್ಲಿನ ಬಳೆಗಳ ಕೆಳಗೆ ನಿಂತು ಒಂದು ರೀಲ್ ಮಾಡಿ, ‘ಸೋಲೋ, ನನ್ನನ್ನು ಹುಡುಕುತ್ತಾ’ ಎಂದು ಹಾಕಿ ಅತ್ತೆ ಮನೆಗೆ ನಡೆದ. ಅತ್ತೆ ಮುದ್ದೆ ಉಪ್ಸಾರು ಬಡಿಸಿ, ಎರಡನೇ ಮುದ್ದೆ ಬೇಡವೆಂದವನ ತಟ್ಟೆಗೆ ಅದನ್ನೂ ಇಟ್ಟು, ಉಣ್ಣುವುದನ್ನೇ ನೋಡುತ್ತಾ ತನ್ನ ತೀರ್ಪು ಕೊಟ್ಟಳು: “ಚೆನ್ನಾಗಿ ಉಣ್ತೀಯ, ಚೆನ್ನಾಗಿ ಮಾತಾಡ್ತೀಯ, ಯಾರ್ ಬೈದ್ರೂ ನಗ್ತೀಯ. ಪಂಚಾಯ್ತಿ ಎಲೆಕ್ಷನ್‌ಗ ನಿಂತ್ಕ ಮಗ.” ಎರಡು ಊರುಗಳಲ್ಲಿ ಅವನಿಗೆ ಪುಕ್ಕಟೆ ಸಿಕ್ಕ ಸಲಹೆಗಳಲ್ಲಿ ಇದೇ ಅತ್ಯಂತ ವೈಜ್ಞಾನಿಕವಾದದ್ದು ಎಂದು ನನ್ನ ನಂಬಿಕೆ.

ಮುದ್ದೆಯ ಭಾರದಲ್ಲಿ ಸಂತೆಮರಹಳ್ಳಿ, ಮೂಗೂರು ದಾಟಿ ಮೈಸೂರು ಸೇರಿದ. ಈ ಪರೀಕ್ಷೆಗೆ ಮೈಸೂರು ಸರಿಯಾದ ಜಾಗವೇ. ಮೈಸೂರು ವಿಶ್ವವಿದ್ಯಾನಿಲಯದಲ್ಲಿ 1924ರಲ್ಲೇ ಮನಃಶಾಸ್ತ್ರ ವಿಭಾಗ ಶುರುವಾಗಿತ್ತು. ಅದನ್ನು ಕಟ್ಟಿದ ಪ್ರೊಫೆಸರ್ ಎಂ. ವಿ. ಗೋಪಾಲಸ್ವಾಮಿ ಲಂಡನ್ನಿನಲ್ಲಿ ಕಲಿತು ಬಂದವರು, ಆದರೆ ಇವತ್ತು ಜನ ಅವರನ್ನು ನೆನೆಯುವುದು 1935ರಲ್ಲಿ ಮನೆಯಲ್ಲೇ ರೇಡಿಯೊ ಕೇಂದ್ರ ತೆರೆದು ‘ಆಕಾಶವಾಣಿ’ ಎಂದು ಕರೆದದ್ದಕ್ಕೆ. ಅಮೆರಿಕದ ಕಥೆಯೂ ಬೇರೆಯಲ್ಲ. ವೃತ್ತಿ ಮಾರ್ಗದರ್ಶನದ ಮೂಲಪುರುಷ ಎನಿಸಿಕೊಂಡ ಫ್ರಾಂಕ್ ಪಾರ್ಸನ್ಸ್ ಎಂಜಿನಿಯರಿಂಗ್ ಓದಿ, ರೈಲ್ವೆಯಲ್ಲಿ ದುಡಿದು, ಮೇಷ್ಟ್ರಾಗಿ, ವಕೀಲನಾಗಿ, ಪ್ರೊಫೆಸರನಾಗಿ, ಬಾಸ್ಟನ್ ಮೇಯರ್ ಚುನಾವಣೆಗೂ ನಿಂತು ಸೋತು, ಆಮೇಲೆ 1908ರಲ್ಲಿ ಹುಡುಗರಿಗೆ ತಕ್ಕ ಕೆಲಸ ಹೇಳುವ ಕಚೇರಿ ತೆರೆದ. ‘ವೃತ್ತಿಯ ಆಯ್ಕೆ’ ಕುರಿತ ಅವನ ಪುಸ್ತಕ ಹೊರಬಂದದ್ದು ಅವನು ಸತ್ತ ಮೇಲೆ, 1909ರಲ್ಲಿ. ಟೆಸ್ಟಪ್ಪನ ವಂಶ ದೊಡ್ಡದು.

ಟೆಸ್ಟಪ್ಪ ಬರೆದದ್ದು ಹಾಲೆಂಡ್ ಎಂಬ ಇನ್ನೊಬ್ಬ ಅಮೆರಿಕನ್ ಪಂಡಿತ 1959ರಲ್ಲಿ ಮುಂದಿಟ್ಟ ಸಿದ್ಧಾಂತದ ಮೇಲೆ ನಿಂತ ಪರೀಕ್ಷೆ. ಮನುಷ್ಯರನ್ನು ಆರು ಬಗೆಯಾಗಿ ವಿಂಗಡಿಸುತ್ತದೆ: ಕೈಕೆಲಸದವರು, ಶೋಧಕರು, ಕಲಾವಿದರು, ಜನರೊಡನೆ ಬೆರೆಯುವವರು, ಉದ್ಯಮಿಗಳು, ಲೆಕ್ಕಪತ್ರದವರು. ಕಂಪ್ಯೂಟರಿನ ಮುಂದೆ ಕೂರಿಸಿದರು. ಕೆಟ್ಟ ಯಂತ್ರ ಬಿಚ್ಚಿ ನೋಡುವುದು ನಿಮಗೆ ಇಷ್ಟವೇ? ಅಪರಿಚಿತರೊಡನೆ ಮಾತಾಡುವುದು? ಗಿಡ ನೆಡುವುದು? ತುಂಬಾ ಇಷ್ಟದಿಂದ ಹಿಡಿದು ಸ್ವಲ್ಪವೂ ಇಷ್ಟವಿಲ್ಲದ ತನಕ ಗುರುತು ಹಾಕಬೇಕು. ಟೆಸ್ಟಪ್ಪ ಅಭ್ಯಾಸಬಲದಿಂದ ಕೈ ಎತ್ತಿದ.

“ಮೇಡಂ, ನೆಗೆಟಿವ್ ಮಾರ್ಕಿಂಗ್ ಎಷ್ಟು?”

“ಇಲ್ಲ ಇದರಲ್ಲಿ. ತಪ್ಪು ಉತ್ತರ ಅಂತಲೇ ಇಲ್ಲ.”

“ಕೀ ಆನ್ಸರ್ ಯಾವಾಗ ಬಿಡ್ತೀರಿ?”

ಕೀ ಆನ್ಸರ್ ಇಲ್ಲ, ಆಕ್ಷೇಪಣೆ ಸಲ್ಲಿಸಲು ದಿನಾಂಕ ಇಲ್ಲ, ಮರುಪರೀಕ್ಷೆ ಇಲ್ಲ, ಹೈಕೋರ್ಟಿನ ತಡೆಯಾಜ್ಞೆಯ ಭಯವೂ ಇಲ್ಲ. ಟೆಸ್ಟಪ್ಪ ಸ್ವಲ್ಪ ಹೊತ್ತು ಗಲಿಬಿಲಿಗೊಂಡ. ಆಮೇಲೆ ಮೌಸ್ ಹಿಡಿದವನು ಕೊನೆಯ ತನಕ ಬಿಡಲಿಲ್ಲ. ನಾಲ್ಕು ತಪ್ಪಿಗೆ ಒಂದು ಅಂಕ ಕಳೆಯುವ ಪರೀಕ್ಷೆಗಳನ್ನೇ ಬರೆದು ಬೆಳೆದವನಿಗೆ, ನಿನಗೆ ಯಾವುದು ಇಷ್ಟ ಎಂದು ಒಬ್ಬರು ಎರಡು ಗಂಟೆ ಕಾಲ ಬಿಡದೆ ಕೇಳಿದ್ದು ಅದೇ ಮೊದಲು. ಮನೆಯಲ್ಲಿ ಸೈನ್ಸಾ ಆರ್ಟ್ಸಾ ಎಂದು ಕೇಳಿದವರಿದ್ದರು, ಎಷ್ಟು ಬಂತು ಎಂದು ಕೇಳಿದವರಿದ್ದರು. ಯಾವುದು ಇಷ್ಟ ಎಂದು ಕೇಳಿದ್ದು ಅತ್ತೆ ಒಬ್ಬಳೇ, ಅದೂ ಮುದ್ದೆಗೆ ಉಪ್ಸಾರೋ ಮಸ್ಸೊಪ್ಪೋ ಎಂಬ ವಿಷಯದಲ್ಲಿ.

ಫಲಿತಾಂಶ ಸ್ಪೈರಲ್ ಬೈಂಡಿಂಗಿನಲ್ಲಿ, ಬಣ್ಣದ ಕಂಬಗಳ ಸಮೇತ ಬಂತು. ಜನರೊಡನೆ ಬೆರೆಯುವ ಕಂಬ ಎಲ್ಲಕ್ಕಿಂತ ಎತ್ತರ, ಕಲೆಯದು ಅದರ ಪಕ್ಕದಲ್ಲಿ, ಕೈಕೆಲಸದ್ದು ನೆಲ ಕಚ್ಚಿತ್ತು. ಸೂಚಿಸಿದ ವೃತ್ತಿಗಳು ಶಿಕ್ಷಕ, ಸಮಾಲೋಚಕ, ಪ್ರವಾಸಿ ಮಾರ್ಗದರ್ಶಿ. ಎಲೆಕ್ಷನ್ ಒಂದು ಬಿಟ್ಟರೆ ಅತ್ತೆ ಹೇಳಿದ್ದೇ. ಸಂಜೆ ಹೊತ್ತು ಮುಳುಗುವಾಗ ಹನೂರು ಮುಟ್ಟಿದ. ಅಪ್ಪ ಪಕ್ಕದ ಮನೆಯವರ ಗಾಡಿಯಲ್ಲಿ ಸೊಪ್ಪು ತಂದು ಹಾಕಿಯಾಗಿತ್ತು. ಕೈ ಒರೆಸಿಕೊಂಡು ವರದಿಯ ಒಂದೊಂದೇ ಪುಟ ತಿರುವಿ, ಕೊನೆಯ ರಟ್ಟನ್ನೂ ಮಗುಚಿ ನೋಡಿ ಕೇಳಿದ:

“ಇದ್ರಲ್ಲಿ ಎಫ್‌ಡಿಎ ಎಲ್ಲದ?”

ವರದಿ ಈಗ ಹಾಲ್ ಟಿಕೆಟ್ ಫೈಲಿನಲ್ಲಿದೆ, ಆದರೆ ವ್ಯರ್ಥವಾಗಿಲ್ಲ. ಸೊಪ್ಪು ತರಲು ಹೇಳಿದರೆ “ಕೈಕೆಲ್ಸದಲ್ಲಿ ನನ್ನ ಸ್ಕೋರ್ ಕಮ್ಮಿ ಕನಪ್ಪ” ಎನ್ನುತ್ತಾನೆ. ಊರಿನ ಇತರ ಹುಡುಗರನ್ನು ಕಟ್ಟೆಯ ಮೇಲೆ ಕೂರಿಸಿಕೊಂಡು ನೀನು ಶೋಧಕ, ನೀನು ಉದ್ಯಮಿ ಎಂದು ಬಗೆ ಹೇಳುತ್ತಾನೆ. ಅರ್ಜಿ ಹಾಕುವುದನ್ನೂ ಬಿಟ್ಟಿಲ್ಲ. ಮುಂದಿನ ನೋಟಿಫಿಕೇಶನ್ ಬಂದಾಗ ಅವನ ಫೋಟೊ ಅದರಲ್ಲೂ ಇರುತ್ತದೆ.

ನಿಮ್ಮ ಮನೆಯಲ್ಲೂ ಒಬ್ಬ ಟೆಸ್ಟಪ್ಪ ಇದ್ದು, ಬೆಳಗಾಗುತ್ತಲೇ ಹೆಲ್ಮೆಟ್ ಒರೆಸುತ್ತಾ ನಿಂತಿದ್ದರೆ, ದಯವಿಟ್ಟು ನಗಬೇಡಿ. ಗಾಡಿ ಕೀ ಕೊಡಿ, ಇನ್ನೂರು ರೂಪಾಯಿ ಪೆಟ್ರೋಲಿಗೂ ಕೊಡಿ. ಇನ್ಷೂರೆನ್ಸ್ ಮುಗಿದಿದೆಯೇ ಎಂದು ಒಮ್ಮೆ ನೋಡಿಬಿಡಿ. ಹುಳ ನಾಲ್ಕನೇ ಜ್ವರ ಎದ್ದಿದ್ದರೆ ಮಾತ್ರ ಬಸ್ಸಿಗೆ ಹೋಗಲು ಹೇಳಿ.